ಸೀಸನ್ ಮುಗಿದ ಮೇಲಿನ ರಿವಿಯೆರಾ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಚಳಿಗಾಲದಲ್ಲಿ ಮೆಡಿಟರೇನಿಯನ್ ಕರಾವಳಿಗೆ ಹೋಗಬಹುದೇ ಎಂದು ಕೇಳಿದ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಇಡೀ ಮೆಡಿಟರೇನಿಯನ್ ಬಗ್ಗೆ ನಾನು ಹೇಳಲಾರೆ. ನನಗೆ ಚೆನ್ನಾಗಿ ಗೊತ್ತಿರುವುದು ಫ್ರಾನ್ಸಿನ ಕಾನ್‌ನಿಂದ ಇಟಲಿಯ ಲಾ ಸ್ಪೆಜಿಯಾವರೆಗಿನ, ರಿವಿಯೆರಾ ಅನ್ನುವ ಪಟ್ಟಿ ಮಾತ್ರ. ನಾನಿರುವುದು ನೀಸ್‌ನಲ್ಲಿ, ರೈಲ್ವೆ ಸ್ಟೇಷನ್ನಿಗೆ ಹತ್ತಿರ. ಆಗಸ್ಟ್ ಬಂದರೆ ನಾನೇ ಊರು ಬಿಟ್ಟು ಬೆಟ್ಟದ ಕಡೆ ಹೋಗುತ್ತೇನೆ. ಹಾಗಾಗಿ ಈ ಉತ್ತರಗಳಲ್ಲಿ ಚಳಿಗಾಲದ ಪರ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ.

ಪ್ರಶ್ನೆ: ನವೆಂಬರ್ ಮೊದಲ ವಾರ ಹೊರಡೋಣ ಅಂತಿದ್ದೇವೆ. ಜನವರಿಯಷ್ಟು ಚಳಿ ಇರುವುದಿಲ್ಲ, ಜನವೂ ಕಡಿಮೆ. ಸರಿಯಾದ ಲೆಕ್ಕ ಅಲ್ವಾ?

ಕಾಗದದ ಮೇಲೆ ಸರಿ. ಆದರೆ ಈ ಕರಾವಳಿಯಲ್ಲಿ ಲೆಕ್ಕ ಉಲ್ಟಾ. ಇಲ್ಲಿ ಹೆದರಬೇಕಾದದ್ದು ಚಳಿಗಲ್ಲ, ಮಳೆಗೆ. ಮಳೆ ಜೋರಾಗಿ ಬರುವುದು ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ.

ಕಾರಣ ಸರಳ. ಬೇಸಿಗೆಯೆಲ್ಲಾ ಕಾದ ಸಮುದ್ರ ಬೇಗ ತಣಿಯುವುದಿಲ್ಲ. ಅಕ್ಟೋಬರ್‌ನಲ್ಲೂ ನೀರು 20 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ. ಅದರ ಮೇಲಿನ ತೇವದ ಗಾಳಿ ದಡಕ್ಕೆ ಬಂದ ಕೂಡಲೇ ಎದುರಿಗೆ ಬೆಟ್ಟ. ಫ್ರಾನ್ಸಿನ ಕಡೆ ಆಲ್ಪ್ಸ್, ಇಟಲಿಯ ಕಡೆ ಅಪೆನೈನ್ಸ್. ಗಾಳಿ ಮೇಲೇರುತ್ತದೆ, ತಣಿಯುತ್ತದೆ, ಹೊತ್ತು ತಂದದ್ದನ್ನೆಲ್ಲಾ ಒಂದೇ ಕಡೆ ಸುರಿಯುತ್ತದೆ. ನದಿಗಳು ಗಿಡ್ಡ, ಇಳಿಜಾರು ಕಡಿದು. ನೀರಿಗೆ ಹರಡಿಕೊಳ್ಳಲು ಜಾಗವೇ ಇಲ್ಲ.

ತಾರೀಖುಗಳನ್ನು ನೋಡಿ. 2011ರ ಅಕ್ಟೋಬರ್ 25ರಂದು ಇಟಲಿಯ ಚಿಂಕ್ವೆ ತೆರ್ರೆಯ (ಕಡಲಂಚಿನ ಐದು ಪುಟ್ಟ ಊರುಗಳ ಗುಂಪು) ವೆರ್ನಾತ್ಸಾ ಮತ್ತು ಮೊಂತೆರೊಸ್ಸೊ ಊರುಗಳು ಕೆಸರಿನಡಿ ಹೂತುಹೋದವು. ಅದಾದ ಹತ್ತೇ ದಿನಕ್ಕೆ, ನವೆಂಬರ್ 4ರಂದು, ಜೆನೋವಾದಲ್ಲಿ ಪ್ರವಾಹ. 2015ರ ಅಕ್ಟೋಬರ್ 3ರ ರಾತ್ರಿ ಕಾನ್ ಮತ್ತು ಮಾಂದ್‌ಲ್ಯೂ ಕಡೆ 20 ಜನ ಸತ್ತರು. 2020ರ ಅಕ್ಟೋಬರ್ 2ರಂದು ಅಲೆಕ್ಸ್ ಬಿರುಗಾಳಿ ನೀಸ್‌ನ ಹಿಂದಿರುವ ವೆಸುಬಿ ಮತ್ತು ರೋಯಾ ಕಣಿವೆಗಳ ರಸ್ತೆ, ಸೇತುವೆಗಳನ್ನು ಎಳೆದುಕೊಂಡು ಹೋಯಿತು. ಎಲ್ಲವೂ ಒಂದೇ ಐದಾರು ವಾರದ ಕಿಟಕಿಯೊಳಗೆ.

ಹಾಗಂತ ನವೆಂಬರ್ ಪೂರ್ತಿ ಹಾಳು ಅಂತಲ್ಲ. ಮಳೆ ಎರಡು ದಿನ ಸುರಿದು ಮೂರನೇ ದಿನ ನೀಲಿ ಆಕಾಶ ತೆರೆದುಕೊಳ್ಳುವುದೂ ಉಂಟು. ಆದರೆ ರಜೆ ಸಿಗುವುದೇ ಒಂದು ವಾರ ಅನ್ನುವವರು ಆ ಜೂಜು ಆಡಬೇಡಿ. ಜನವರಿ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಬನ್ನಿ. ನೀಸ್‌ನಲ್ಲಿ ಜನವರಿಯ ಮಧ್ಯಾಹ್ನ ಸಾಮಾನ್ಯವಾಗಿ 13 ಡಿಗ್ರಿ, ರಾತ್ರಿ ಐದಾರು. ಬಿಸಿಲಿನಲ್ಲಿ ಕೂತರೆ ಕೋಟು ತೆಗೆದಿಡುತ್ತೀರಿ. ಗಾಳಿ ಎಷ್ಟು ತಿಳಿಯಾಗಿರುತ್ತದೆ ಅಂದರೆ, ಸೂರ್ಯ ಹುಟ್ಟುವ ಮೊದಲು ಎತ್ತರದಲ್ಲಿ ನಿಂತರೆ ಕಾರ್ಸಿಕಾ ದ್ವೀಪದ ಬೆಟ್ಟಗಳು ಕಾಣುತ್ತವೆ. ಬೇಸಿಗೆಯ ಮಬ್ಬಿನಲ್ಲಿ ಅದು ಕಾಣುವುದು ಅಪರೂಪ.

ಪ್ರಶ್ನೆ: ಕೋಪ ಮಾಡಿಕೊಳ್ಳಬೇಡಿ. ಸಮುದ್ರಕ್ಕೆ ಇಳಿಯೋ ಹಾಗಿಲ್ಲ, ಬೀಚಿನಲ್ಲಿ ಕುರ್ಚಿ ಇಲ್ಲ, ಅರ್ಧ ಹೋಟೆಲು ಬಾಗಿಲು ಹಾಕಿರುತ್ತವೆ. ಅಗ್ಗ ಅಂತ ಉಳಿದದ್ದನ್ನು ತಿನ್ನೋದಲ್ವಾ ಇದು?

ಕೋಪ ಇಲ್ಲ. ಆದರೆ ಉಳಿದದ್ದು ಯಾವುದು ಅನ್ನುವುದರಲ್ಲಿ ತಕರಾರಿದೆ.

ಈ ಊರುಗಳನ್ನು ಕಟ್ಟಿದ್ದೇ ಚಳಿಗಾಲಕ್ಕಾಗಿ. 18ನೇ ಶತಮಾನದ ಕೊನೆಯಿಂದಲೇ ಇಂಗ್ಲೆಂಡಿನ ಉಳ್ಳವರು ಚಳಿ ತಪ್ಪಿಸಿಕೊಳ್ಳಲು ನೀಸ್‌ಗೆ ಬರುತ್ತಿದ್ದರು. ಸಮುದ್ರದಂಚಿನ ಪ್ರೊಮೆನಾದ್ ದೆಜ್ ಆಂಗ್ಲೆ ರಸ್ತೆ ಶುರುವಾದದ್ದು 1820ರ ದಶಕದಲ್ಲಿ, ಅವರ ದುಡ್ಡಿನಲ್ಲಿ, ಅವರ ನಡಿಗೆಗೆ. ಹೆಸರೇ ಇಂಗ್ಲಿಷರ ನಡಿಗೆದಾರಿ. 1864ರಲ್ಲಿ ರೈಲು ಬಂದ ಮೇಲೆ ರಷ್ಯದವರೂ ಹೆಚ್ಚು ಬರತೊಡಗಿದರು. ವಿಕ್ಟೋರಿಯಾ ರಾಣಿ 1895ರಿಂದ 1899ರವರೆಗೆ ಪ್ರತಿ ವರ್ಷ ಬಂದು ಸಿಮಿಯೆ ಗುಡ್ಡದ ಮೇಲೆ ತಂಗಿದ್ದು ವಸಂತ ಮುಗಿಯುವುದರೊಳಗೆ. ಬಿಸಿಲು ಏರುವ ಹೊತ್ತಿಗೆ ಎಲ್ಲರೂ ಪೆಟ್ಟಿಗೆ ಕಟ್ಟುತ್ತಿದ್ದರು. ದೊಡ್ಡ ಹೋಟೆಲುಗಳು ಬೀಗ ಹಾಕುತ್ತಿದ್ದದ್ದು ಬೇಸಿಗೆಯಲ್ಲಿ! 1923ರ ಬೇಸಿಗೆಯಲ್ಲಿ ಆಂತೀಬ್ ಭೂಶಿರದ ಒಂದು ಹೋಟೆಲು ಅಮೆರಿಕದ ಒಂದು ದಂಪತಿಯ ಮಾತಿಗೆ ಬಾಗಿಲು ತೆರೆದಿಟ್ಟಿತು. ಅದು ಆಗ ಸುದ್ದಿಯಾಗುವಂಥ ವಿಷಯ. ಬಿಸಿಲಿನಲ್ಲಿ ಮೈ ಸುಟ್ಟುಕೊಳ್ಳುವ ಶೋಕಿ ಬಂದದ್ದೇ ಆಮೇಲೆ.

ಯುನೆಸ್ಕೊ 2021ರಲ್ಲಿ ನೀಸ್ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯಾವ ಕಾರಣಕ್ಕೆ ಗೊತ್ತಾ? ರಿವಿಯೆರಾದ ಚಳಿಗಾಲದ ವಿಹಾರ ನಗರ ಅಂತ. ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿ, ಎತ್ತರದ ಕಿಟಕಿ, ಚಳಿಗಾಲದಲ್ಲೂ ಹಸಿರಾಗಿರುವ ತೋಟ, ಎಲ್ಲ ಜನವರಿಯ ಓರೆ ಬಿಸಿಲಿಗೆ ಹೊಂದಿಸಿದ್ದು. ನೀವು ಜುಲೈನಲ್ಲಿ ಬಂದು ಶಟರ್ ಮುಚ್ಚಿ ಕತ್ತಲಲ್ಲಿ ಕೂತರೆ ಉಳಿದದ್ದನ್ನು ತಿನ್ನುತ್ತಿರುವುದು ನೀವೇ.

ಈಗ ಬಾಗಿಲು ಹಾಕುವ ವಿಷಯ. ಅದು ನಿಜ. ಬಾಗಿಲ ಮೇಲೆ ಫ್ರಾನ್ಸಿನಲ್ಲಿ ‘ಫೆರ್ಮೆತ್ಯೂರ್ ಆನ್ಯುಯೆಲ್’, ಇಟಲಿಯಲ್ಲಿ ‘ಕ್ಯೂಸೊ ಪೆರ್ ಫೆರಿಯೆ’ ಅನ್ನುವ ಚೀಟಿ ಕಂಡರೆ ಅವರು ವಾರ್ಷಿಕ ರಜೆಯಲ್ಲಿದ್ದಾರೆ ಅಂತ ಅರ್ಥ. ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಇಂಥ ಚೀಟಿ ತುಂಬಾ. ಹೊಸ ವರ್ಷದ ಗದ್ದಲ ಮುಗಿದ ಮೇಲೆ ಇನ್ನೊಂದು ಸುತ್ತು.

ಅದಕ್ಕೆ ನನ್ನದೊಂದು ಸೂತ್ರ ಇದೆ. ಉಳಿಯಲು ಊರು ಆರಿಸುವಾಗ ಅಲ್ಲಿ ಮಕ್ಕಳ ಶಾಲೆ ಇದೆಯೇ, ತರಕಾರಿ ಮಾರುಕಟ್ಟೆ ನಡೆಯುತ್ತದೆಯೇ ನೋಡಿ. ಎರಡೂ ಇದ್ದರೆ ಚಳಿಗಾಲದಲ್ಲೂ ಜೀವ ಇರುತ್ತದೆ. ನೀಸ್, ಮಾಂತೋನ್, ಆಂತೀಬ್, ಸಾನ್‌ರೆಮೊ, ಕಾಮೋಲಿ, ಲೆವಾಂತೊ ಇಂಥವು. ಎಜ಼್ ಥರದ ಬೆಟ್ಟದ ಮೇಲಿನ ಚಿತ್ರದಂಥ ಊರುಗಳಿಗೆ ಹಗಲು ಹೋಗಿ ಬನ್ನಿ. ಅಲ್ಲಿ ರಾತ್ರಿ ಉಳಿದರೆ ಊಟಕ್ಕೆ ಪರದಾಟ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಚಿಂಕ್ವೆ ತೆರ್ರೆಯ ಐದೂ ಊರನ್ನು ನಡೆದೇ ನೋಡಬೇಕು ಅನ್ನುವ ಆಸೆ. ಆಗುತ್ತದೆಯೇ?

ಭಾಗಶಃ ಆಗುತ್ತದೆ. ಸಮುದ್ರದಂಚಿನ ದಾರಿ ಐದೂ ಊರನ್ನು ಈಗ ಜೋಡಿಸುತ್ತಿಲ್ಲ. ಕೊರ್ನೀಲ್ಯಾದಿಂದ ಮನರೋಲಾಕ್ಕೆ ಹೋಗುವ ಕೆಳಗಿನ ದಾರಿ ಭೂಕುಸಿತದಿಂದ ಮುಚ್ಚಿ ಬಹಳ ವರ್ಷವಾಯಿತು. ಮೇಲಿನ ವೊಲಾಸ್ತ್ರಾ ಮೂಲಕ ದ್ರಾಕ್ಷಿ ತೋಟಗಳ ನಡುವೆ ಸುತ್ತು ಹಾಕಬೇಕು. ಕಾಲಿಗೆ ಕಷ್ಟ, ಆದರೆ ನನ್ನ ಪ್ರಕಾರ ಅದೇ ಚೆಂದ. ರಿಯೊಮಜೊರೆ ಮತ್ತು ಮನರೋಲಾ ನಡುವಿನ ‘ಪ್ರೇಮಿಗಳ ದಾರಿ’ 2012ರಲ್ಲಿ ಬಂಡೆ ಬಿದ್ದು ಮುಚ್ಚಿದ್ದು, 2024ರಲ್ಲಿ ಮತ್ತೆ ತೆರೆಯಿತು. ಅದಕ್ಕೆ ಮೊದಲೇ ಸಮಯ ಕಾದಿರಿಸಬೇಕು.

ಚಳಿಗಾಲದಲ್ಲಿ ಎರಡು ವಿಷಯ ನೆನಪಿಡಿ. ಒಂದು, ಹವಾಮಾನ ಎಚ್ಚರಿಕೆ. ಇಟಲಿಯ ಈ ಕರಾವಳಿ ಪ್ರಾಂತ್ಯವಾದ ಲಿಗುರಿಯಾದಲ್ಲಿ ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣದಲ್ಲಿ ಹೇಳುತ್ತಾರೆ. ಕಿತ್ತಳೆ ಬಂದರೆ ದಾರಿಗಳಿಗೆ ಗೇಟು ಬೀಳುತ್ತದೆ. ಗೇಟು ಹಾರಿ ಹೋಗುವ ಸಾಹಸಿಗಳನ್ನು ನೋಡಿದ್ದೇನೆ. 2011ರ ಆ ದಿನದ ಬಗ್ಗೆ ವೆರ್ನಾತ್ಸಾದ ಯಾರನ್ನಾದರೂ ಕೇಳಿ ನೋಡಿ, ಆಮೇಲೆ ಹಾರುವುದೋ ಬೇಡವೋ ನೀವೇ ತೀರ್ಮಾನಿಸಿ. ಎರಡು, ದೋಣಿ. ಊರಿಂದೂರಿಗೆ ಹೋಗುವ ದೋಣಿಗಳು ನವೆಂಬರ್ ಶುರುವಿನಲ್ಲಿ ನಿಂತು ಮಾರ್ಚ್ ಕೊನೆಗೆ ಮತ್ತೆ ಶುರುವಾಗುತ್ತವೆ. ಅಲ್ಲಿವರೆಗೆ ರೈಲೇ ಗತಿ. ಬೇಸಿಗೆಗಿಂತ ರೈಲು ಕಡಿಮೆ, ಟಿಕೆಟ್ಟಿನ ದರವೂ ಕಡಿಮೆ.

ಚಪ್ಪಲಿ ಹಾಕಿಕೊಂಡು ದಾರಿ ಹತ್ತಿದರೆ ದಂಡ ಹಾಕುತ್ತಾರೆ. ಸುಮ್ನೆ ಹೆದರಿಸುತ್ತಿಲ್ಲ, ನಿಯಮವೇ ಇದೆ. ಹಿಡಿತ ಇರುವ ಬೂಟು ಬೇಕು. ಕೊರ್ನೀಲ್ಯಾ ಸ್ಟೇಷನ್ನಿನಿಂದ ಊರಿಗೆ 380ರ ಹತ್ತಿರ ಮೆಟ್ಟಿಲು ಇವೆ, ಒದ್ದೆಯಾದಾಗ ಜಾರುತ್ತವೆ.

ಡಿಸೆಂಬರ್ 8ರ ನಂತರ ಹೋದರೆ ಸಂಜೆ ಮನರೋಲಾದಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಊರಿನ ಎದುರಿನ ಗುಡ್ಡದ ತುಂಬ ಕ್ರಿಸ್ತನ ಜನನದ ದೃಶ್ಯವನ್ನು ದೀಪದಲ್ಲಿ ಕಟ್ಟುತ್ತಾರೆ. ರೈಲ್ವೆಯಲ್ಲಿ ಕೆಲಸ ಮಾಡಿದ ಒಬ್ಬ ಸ್ಥಳೀಯರು ಗುಜರಿ ಸಾಮಾನಿನಿಂದ ವರ್ಷಗಟ್ಟಲೆ ಬೆಳೆಸಿದ ಕೆಲಸ ಅದು. ಅವರು ಈಗಿಲ್ಲ. ದೀಪ ಹಚ್ಚುವುದು ನಿಂತಿಲ್ಲ.

ಪ್ರಶ್ನೆ: ಫೆಬ್ರವರಿಯಲ್ಲಿ ಈಜಬಹುದಾ?

ನೀರು 13 ಡಿಗ್ರಿ. ನೀಸ್‌ನ ಅಜ್ಜಿಯರು ದಿನಾ ಈಜುತ್ತಾರೆ. ನಾನು ದಡದಲ್ಲಿ ಕೂತು ಅವರ ಟವೆಲ್ ಕಾಯುತ್ತೇನೆ.

ಪ್ರಶ್ನೆ: ನಾವು ಮೀನು, ಮೊಟ್ಟೆ ಕೂಡ ಮುಟ್ಟುವುದಿಲ್ಲ. ಬರೀ ಬ್ರೆಡ್ಡಿನಲ್ಲಿ ದಿನ ಕಳೆಯಬೇಕಾ?

ಇಲ್ಲ. ಈ ಕರಾವಳಿ ಕಡಲೆಹಿಟ್ಟಿನ ನಾಡು. ನೀಸ್‌ನಲ್ಲಿ ಸೊಕ್ಕಾ, ಗಡಿ ದಾಟಿದರೆ ಅದೇ ಫರಿನಾತಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ಅಗಲ ತಾಮ್ರದ ತಟ್ಟೆಯಲ್ಲಿ ಹೊಯ್ದು ಸೌದೆ ಒಲೆಯಲ್ಲಿ ಸುಡುತ್ತಾರೆ. ಅಂಚು ಕರಿ, ನಡುವೆ ಮೆತ್ತಗೆ. ಮೇಲೆ ಕರಿಮೆಣಸು ಉದುರಿಸಿ ಬಿಸಿ ಇರುವಾಗಲೇ ಕೈಯಲ್ಲಿ ತಿನ್ನಬೇಕು. ಆರಿದ ಸೊಕ್ಕಾ ತಿನ್ನುವ ಬದಲು ಉಪವಾಸ ಇರಿ. ಜನ ಸಾಲು ನಿಂತ ಅಂಗಡಿ ಹುಡುಕಿ, ಸಾಲು ಇದ್ದರೆ ತಟ್ಟೆ ಒಲೆಯಿಂದ ಈಗಷ್ಟೇ ಇಳಿದಿರುತ್ತದೆ. ಅದೇ ಹಿಟ್ಟನ್ನು ಗಟ್ಟಿ ಬೇಯಿಸಿ, ಕತ್ತರಿಸಿ ಕರಿದರೆ ಪಾನಿಸ್.

ಲಿಗುರಿಯಾದಲ್ಲಿ ಫೊಕಾಚಾ ಎಂಬ ರೊಟ್ಟಿ ಬೆಳಿಗ್ಗೆಯ ತಿಂಡಿ. ರೆಕ್ಕೊ ಎಂಬ ಊರಿನದು ತೆಳ್ಳಗೆ, ಒಳಗೆ ಗಿಣ್ಣು, ಅಂದರೆ ಚೀಸ್. ಪೆಸ್ತೊ (ಬೆಸಿಲ್ ಎಲೆಯ ಚಟ್ನಿ) ಹಾಕಿದ ತ್ರೋಫಿಯೆ ಪಾಸ್ತಾದ ಜೊತೆ ಆಲೂಗಡ್ಡೆ, ಹುರುಳಿಕಾಯಿ ಬೇಯಿಸಿ ಕೊಡುತ್ತಾರೆ.

ಮೋಸ ಹೋಗುವ ಜಾಗಗಳೂ ಇವೆ. ಪಿಸ್ಸಾಲಾದಿಯೆರ್ ನೋಡಲು ಈರುಳ್ಳಿಯ ರೊಟ್ಟಿ, ಆದರೆ ಆಂಚೊವಿ ಮೀನು ಇರುತ್ತದೆ. ಪಾನ್ ಬಾನ್ಯಾ ಎಂಬ ಸ್ಯಾಂಡ್‌ವಿಚ್ಚಿನಲ್ಲಿ ಟ್ಯೂನಾ ಮೀನು, ಮೊಟ್ಟೆ ಎರಡೂ. ಪೆಸ್ತೊಗೆ ಹಾಕುವ ಪಾರ್ಮೆಜಾನೊ ಗಿಣ್ಣು ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನೆಟ್ ಬಳಸುತ್ತಾರೆ. ಅಷ್ಟು ಕಟ್ಟುನಿಟ್ಟಿನವರು ‘ಗಿಣ್ಣು ಬೇಡ’ ಅಂತ ಮೊದಲೇ ಹೇಳಿ. ಇನ್ನು ಊಟದ ಹೊತ್ತು. ಮಧ್ಯಾಹ್ನ 12ರಿಂದ 2, ರಾತ್ರಿ 7ರ ಮೇಲೆ. ನಾಲ್ಕು ಗಂಟೆಗೆ ಹಸಿವಾದರೆ ಬೇಕರಿಯೇ ದಿಕ್ಕು.

ಪ್ರಶ್ನೆ: ಕಾರು ಬಾಡಿಗೆಗೆ ತೆಗೆದುಕೊಳ್ಳೋಣವೋ, ರೈಲಿನಲ್ಲಿ ಸುತ್ತೋಣವೋ?

ಕರಾವಳಿಗೆ ರೈಲು. ಎರಡು ಮಾತಿಲ್ಲ. ನೀಸ್‌ನಿಂದ ಪೂರ್ವಕ್ಕೆ ಹೊರಟ ರೈಲಿನಲ್ಲಿ ಬಲಗಡೆ ಕೂತರೆ ವಿಲ್‌ಫ್ರಾಂಶ್, ಬೋಲ್ಯು, ಮಾಂತೋನ್‌ವರೆಗೆ ಸುರಂಗ ಬಿಟ್ಟರೆ ಸಮುದ್ರವೇ ಸಮುದ್ರ. ವೆಂತಿಮೀಲ್ಯಾದಲ್ಲಿ ಇಳಿದು ಇಟಲಿಯ ರೈಲು ಹತ್ತಿ. ಅಲ್ಲಿ ಕಾಗದದ ಲೋಕಲ್ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮಶೀನಿನಲ್ಲಿ ಮುದ್ರೆ ಒತ್ತಿಸಬೇಕು. ಮರೆತರೆ ಟಿಕೆಟ್ ಇದ್ದೂ ದಂಡ.

ಮುಷ್ಕರ ಇಲ್ಲಿ ಹವಾಮಾನ ಇದ್ದ ಹಾಗೆ, ಬರುತ್ತದೆ, ಹೋಗುತ್ತದೆ. ಇಟಲಿಯಲ್ಲಿ ಒಂದು ಒಳ್ಳೆಯ ನಿಯಮ ಇದೆ. ಮುಷ್ಕರ ಇದ್ದರೂ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಕನಿಷ್ಠ ಲೋಕಲ್ ರೈಲುಗಳನ್ನು ಓಡಿಸಲೇಬೇಕು. ಆ ಹೊತ್ತಿಗೆ ಓಡಾಟ ಹೊಂದಿಸಿಕೊಳ್ಳಿ.

ಗಡಿಯ ಬಗ್ಗೆ ಒಂದು ಮಾತು. ಷೆಂಗೆನ್ (ಒಂದೇ ವೀಸಾದ ಯುರೋಪಿನ ದೇಶಗಳ ಕೂಟ) ಒಳಗೆ ತಪಾಸಣೆ ಇಲ್ಲ ಅಂತ ಪಾಸ್‌ಪೋರ್ಟ್ ರೂಮಿನಲ್ಲಿ ಬಿಟ್ಟು ಬರಬೇಡಿ. ಫ್ರಾನ್ಸ್ 2015ರಿಂದ ಈ ಗಡಿಯಲ್ಲಿ ತಪಾಸಣೆ ನಡೆಸುತ್ತಿದೆ. ವೆಂತಿಮೀಲ್ಯಾದಿಂದ ಬರುವ ರೈಲು ಮಾಂತೋನ್ ಗರಾವಾನ್ ಸ್ಟೇಷನ್ನಿನಲ್ಲಿ ನಿಂತಾಗ ಪೊಲೀಸರು ಹತ್ತುತ್ತಾರೆ. ನನ್ನಂಥ ಕಂದು ಬಣ್ಣದವರ ಹತ್ತಿರ ಮೊದಲು ಬರುತ್ತಾರೆ. ನನಗೆ ಅಭ್ಯಾಸವಾಗಿದೆ, ಸಿಟ್ಟು ಹೋಗಿಲ್ಲ.

ಕಾರು ಬೇಕಾಗುವುದು ಹಿಂದಿನ ಬೆಟ್ಟದ ಊರುಗಳಿಗೆ. ಫ್ರಾನ್ಸಿನ ಬೆಟ್ಟದ ರಸ್ತೆಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟೈರ್ ಇಲ್ಲವೇ ಚೈನ್ ಇರಬೇಕು. ಇಟಲಿಯಲ್ಲಿ ಗುರುತು ಹಾಕಿದ ರಸ್ತೆಗಳಿಗೆ ನವೆಂಬರ್ 15ರಿಂದ ಏಪ್ರಿಲ್ 15. ಬಾಡಿಗೆ ಕಾರಿನಲ್ಲಿ ಅದು ತಾನಾಗಿ ಇರುತ್ತದೆ ಅಂದುಕೊಳ್ಳಬೇಡಿ, ಕೇಳಿ.

ಪ್ರಶ್ನೆ: ರೂಮು ಅರ್ಧ ಬೆಲೆಗೆ ಸಿಗುತ್ತದಂತೆ, ಹೌದಾ?

ಹಲವು ಕಡೆ ಬೇಸಿಗೆಗಿಂತ ತುಂಬಾ ಕಡಿಮೆ, ಹೌದು. ಆದರೆ ಕ್ಯಾಲೆಂಡರ್ ನೋಡಿ. ಫೆಬ್ರವರಿಯಲ್ಲಿ ನೀಸ್ ಕಾರ್ನಿವಲ್ ಮತ್ತು ಮಾಂತೋನ್‌ನ ನಿಂಬೆ ಹಬ್ಬ, ಎರಡೂ ಒಂದೇ ಹೊತ್ತಿಗೆ. ಸಾನ್‌ರೆಮೊದಲ್ಲಿ 1951ರಿಂದ ನಡೆಯುವ ಹಾಡಿನ ಸ್ಪರ್ಧೆಯ ವಾರ ಆ ಊರಲ್ಲಿ ಮಂಚ ಸಿಗುವುದೂ ಕಷ್ಟ. ಕಾನ್‌ನಲ್ಲಿ ಮಾರ್ಚ್‌ನಲ್ಲಿ ಆಸ್ತಿ ವ್ಯಾಪಾರಿಗಳ ದೊಡ್ಡ ಮೇಳ. ಆ ದಿನಗಳಲ್ಲಿ ಅಲ್ಲಿ ಆಫ್ ಸೀಸನ್ ಅನ್ನುವುದು ಬರೀ ಮಾತು.

ಬೆಲೆಗಿಂತ ಮುಖ್ಯ ಹೀಟರ್. ಫೋಟೊದಲ್ಲಿ ಕಾಣುವ ಸಮುದ್ರ ರಾತ್ರಿ ನಿಮ್ಮನ್ನು ಬೆಚ್ಚಗಿಡುವುದಿಲ್ಲ. ಹಳೇ ಕಲ್ಲಿನ ಮನೆಗಳು ಹೊರಗಿಗಿಂತ ಒಳಗೇ ತಣ್ಣಗಿರುತ್ತವೆ. ಒಮ್ಮೆ ಲಿಗುರಿಯಾದಲ್ಲಿ ಬಾಡಿಗೆ ಹಿಡಿದ ಮನೆಯಲ್ಲಿ ಯಜಮಾನರು ಒಂದು ಪುಟ್ಟ ಕರೆಂಟ್ ಹೀಟರ್ ಕೊಟ್ಟರು. ಅದನ್ನೂ ಕೆಟಲನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತಿತ್ತು. ಟೀ ಬೇಕೋ ಬೆಚ್ಚಗಿರಬೇಕೋ ಆರಿಸಿಕೊಳ್ಳಿ ಅನ್ನುವ ಪರಿಸ್ಥಿತಿ. ಇಟಲಿಯಲ್ಲಿ ಕಟ್ಟಡದ ಹೀಟಿಂಗ್ ಯಾವಾಗ ಹಾಕಬೇಕು ಅನ್ನುವುದಕ್ಕೂ ಪ್ರದೇಶವಾರು ಕಾನೂನು ಇದೆ. ಜೆನೋವಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15, ದಿನಕ್ಕೆ ಹೆಚ್ಚೆಂದರೆ 12 ಗಂಟೆ. ಹಾಗಾಗಿ ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಹೀಟಿಂಗ್ ಯಾವ ಥರದ್ದು, ಅದರ ಖರ್ಚು ಬಾಡಿಗೆಯಲ್ಲಿ ಸೇರಿದೆಯಾ, ಕಿಟಕಿ ದಕ್ಷಿಣಕ್ಕಿದೆಯಾ. ಮೂರನೆಯದಕ್ಕೆ ಹೌದು ಅಂದರೆ ಮೊದಲೆರಡನ್ನು ಸ್ವಲ್ಪ ಸಡಿಲ ಬಿಡಬಹುದು.

ಪ್ರಶ್ನೆ: ಅಮ್ಮನಿಗೆ 74. ಮಂಡಿ ನೋವು. ಅವರನ್ನು ಕರೆದುಕೊಂಡು ಎಲ್ಲಿ ಉಳಿಯಲಿ?

ಮಾಂತೋನ್. ಚಿಂಕ್ವೆ ತೆರ್ರೆ ಬೇಡವೇ ಬೇಡ.

ಮಾಂತೋನ್‌ಗೆ ಹೆಸರು ಬಂದದ್ದೇ ಕಾಯಿಲೆಯವರಿಂದ. 1859ರಲ್ಲಿ ಜೇಮ್ಸ್ ಹೆನ್ರಿ ಬೆನೆಟ್ ಎಂಬ ಇಂಗ್ಲಿಷ್ ವೈದ್ಯರು ಕ್ಷಯದಿಂದ ಸಾಯುವುದು ಖಚಿತ ಅಂದುಕೊಂಡು ಇಲ್ಲಿಗೆ ಬಂದರು. ಸಾಯಲಿಲ್ಲ. ಚೇತರಿಸಿಕೊಂಡು ಈ ಊರಿನ ಚಳಿಗಾಲದ ಬಗ್ಗೆ ಬರೆದರು, ಅದನ್ನು ಓದಿ ರೋಗಿಗಳು ಸಾಲುಗಟ್ಟಿ ಬಂದರು. ಎಲ್ಲರಿಗೂ ಬೆನೆಟ್‌ರ ಅದೃಷ್ಟ ಇರಲಿಲ್ಲ. ಹಳೇ ಊರಿನ ನೆತ್ತಿಯ ಸ್ಮಶಾನದಲ್ಲಿ ವಿದೇಶಿ ಹೆಸರುಗಳನ್ನು ಓದಿದರೆ ಗೊತ್ತಾಗುತ್ತದೆ. ರಗ್ಬಿ ಆಟ ಶುರು ಮಾಡಿದವರು ಅಂತ ಹೇಳುವ ವಿಲಿಯಂ ವೆಬ್ ಎಲಿಸ್ ಅವರ ಸಮಾಧಿಯೂ ಅಲ್ಲೇ ಇದೆ. ಅಲ್ಲಿಗೆ ನೀವೊಬ್ಬರೇ ಹತ್ತಿ, ಅಮ್ಮ ಕೆಳಗೆ ಇರಲಿ.

ಕೆಳಗೆ ಸಮುದ್ರದ ಪಕ್ಕ ಉದ್ದಕ್ಕೂ ಸಮತಟ್ಟಾದ ದಾರಿ, ಬೆಂಚುಗಳು, ಉತ್ತರದ ಗಾಳಿಗೆ ಅಡ್ಡ ನಿಂತ ಬೆಟ್ಟ. ಸೂರಿನಡಿಯ ಮಾರುಕಟ್ಟೆಯಲ್ಲಿ ಬೆಳಿಗ್ಗೆ ನಿಂಬೆಹಣ್ಣು ನೋಡುವುದೇ ಒಂದು ಕಾಲಕ್ಷೇಪ. ಮಾಂತೋನ್ ನಿಂಬೆಗೆ 2015ರಲ್ಲಿ ಯುರೋಪಿನ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಅಂದ ಹಾಗೆ, ನಿಂಬೆ ಹಬ್ಬದ ದೊಡ್ಡ ದೊಡ್ಡ ಬೊಂಬೆಗಳಿಗೆ ಕಟ್ಟುವ ಹಣ್ಣು ಬಹುಪಾಲು ಸ್ಪೇನಿನದು. ಊರಿನ ನಿಂಬೆ ಅದಕ್ಕೆಲ್ಲ ಹಾಕುವಷ್ಟು ಅಗ್ಗವೂ ಅಲ್ಲ, ಅಷ್ಟು ಬೆಳೆಯುವುದೂ ಇಲ್ಲ.

ಲಿಫ್ಟ್ ಇರುವ ಮನೆಯನ್ನೇ ಹಿಡಿಯಿರಿ. ಇಲ್ಲಿನವರು ಒಂದನೇ ಮಹಡಿ ಅಂದರೆ ನೆಲಮಹಡಿಯ ಮೇಲಿನದು.

ಪ್ರಶ್ನೆ: ಒಬ್ಬಳೇ ಬರುತ್ತಿದ್ದೇನೆ. ಖಾಲಿ ಊರುಗಳಲ್ಲಿ ಭಯ ಇಲ್ಲವೇ?

ಖಾಲಿ ಅನ್ನುವುದಕ್ಕಿಂತ ಕತ್ತಲು ಬೇಗ ಅನ್ನುವುದನ್ನು ತಲೆಯಲ್ಲಿಡಿ. ಡಿಸೆಂಬರ್‌ನಲ್ಲಿ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಸಮುದ್ರದಂಚಿನ ಕಾಲುದಾರಿಗಳಿಗೆ ಬೆಳಿಗ್ಗೆ ಹೋಗಿ, ಮಧ್ಯಾಹ್ನದ ನಂತರ ಊರೊಳಗೆ ಬಂದುಬಿಡಿ. ಕಾಪ್ ಫೆರಾ, ಕಾಪ್ ಮಾರ್ತಾಂ ಭೂಶಿರಗಳ ದಾರಿಗಳಲ್ಲಿ ಚಳಿಗಾಲದಲ್ಲೂ ನಾಯಿ ಹಿಡಿದು ನಡೆಯುವವರು, ಓಡುವವರು ಸಿಗುತ್ತಾರೆ. ಅಲೆ ಜೋರಿದ್ದ ದಿನ ಮಾತ್ರ ಆ ದಾರಿಗಳ ಕಡೆ ತಲೆ ಹಾಕಬೇಡಿ. ಮನುಷ್ಯರಿಗಿಂತ ಅಲೆಯೇ ಅಪಾಯ. ದೊಡ್ಡ ಸ್ಟೇಷನ್ನುಗಳಲ್ಲಿ ಕಿಸೆಗಳ್ಳರಿಗೆ ಸೀಸನ್ ಅಂತ ಇಲ್ಲ. ಬ್ಯಾಗು ಮುಂದಕ್ಕಿರಲಿ.

ಪ್ರಶ್ನೆ: ವೀಸಾಕ್ಕೆ ಎರಡೂ ದೇಶಕ್ಕೆ ಅರ್ಜಿ ಹಾಕಬೇಕಾ?

ಬೇಡ, ಒಂದೇ ಷೆಂಗೆನ್ ವೀಸಾ. ಹೆಚ್ಚು ರಾತ್ರಿ ಎಲ್ಲಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ. ಎರಡೂ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. 2024ರ ಜೂನ್‌ನಿಂದ ದೊಡ್ಡವರಿಗೆ 90 ಯುರೋ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಕನಿಷ್ಠ 30,000 ಯುರೋ ಮೊತ್ತದ ಆರೋಗ್ಯ ವಿಮೆ ಬೇಕು.

ಪ್ರಶ್ನೆ: ನೀಸ್‌ನಲ್ಲಿ ಕೆಲಸದ ಮೇಲೆ ಇರುತ್ತೇನೆ. ಜನವರಿಯಲ್ಲಿ ಒಂದೇ ಒಂದು ದಿನ ಬಿಡುವು. ಎಲ್ಲಿಗೆ ಹೋಗಲಿ?

ಆ ದಿನವನ್ನು ಶುಕ್ರವಾರಕ್ಕೆ ಹಾಕಿಸಿಕೊಳ್ಳಿ. ಬೆಳಿಗ್ಗೆ ವೆಂತಿಮೀಲ್ಯಾಕ್ಕೆ ರೈಲು. ಶುಕ್ರವಾರ ಅಲ್ಲಿ ಸಮುದ್ರದ ಪಕ್ಕ ದೊಡ್ಡ ಸಂತೆ. ಫ್ರಾನ್ಸಿನವರು ಚೀಲ ಹಿಡಿದು ಗಡಿ ದಾಟಿ ಬರುತ್ತಾರೆ. ಒಳ್ಳೆಯ ಗಿಣ್ಣು, ಒಣಗಿದ ಟೊಮ್ಯಾಟೊ, ತಗ್ಗಾಸ್ಕಾ ಆಲಿವ್ ಕೊಳ್ಳಿ. ಬ್ರ್ಯಾಂಡ್ ಹೆಸರಿನ ಬ್ಯಾಗು ಅಗ್ಗಕ್ಕೆ ಕಂಡರೆ ಮುಟ್ಟಬೇಡಿ, ನಕಲಿ ಮಾಲು ಕೊಂಡವರಿಗೂ ಇಟಲಿಯಲ್ಲಿ ದಂಡ ಇದೆ. ಊಟ ಅಲ್ಲೇ ಮುಗಿಸಿ, ವಾಪಸ್ ಬರುವಾಗ ಮಾಂತೋನ್‌ನಲ್ಲಿ ಇಳಿದು ಬಿಸಿಲಿರುವ ಬೆಂಚು ಹಿಡಿಯಿರಿ. ಕತ್ತಲಾದ ಮೇಲೂ ನೀಸ್‌ಗೆ ರೈಲು ಇರುತ್ತದೆ. ಶುಕ್ರವಾರ ರಜೆ ಕೊಡದಿದ್ದರೆ ಸಂತೆ ಬಿಟ್ಟು ನೇರ ಮಾಂತೋನ್‌ಗೆ ಹೋಗಿ.